ಸರೋವರದಿಂದ ಕಡಲಿಗೆ: ಬಾಲಿಯ ನೀರಿನ ದಾರಿ

ಬೇಸಿಗೆ ರಜೆಗೆಂದು ಹಣ ಕೂಡಿಡುವ ಸಂಸಾರಗಳು, ಹೊಸದಾಗಿ ಮದುವೆಯಾದವರು, ಓದು ಮುಗಿಸಿ ಕೆಲಸಕ್ಕೆ ಸೇರಿದ ಗೆಳೆಯರ ಗುಂಪುಗಳು ಕಾಣುವ ವಿದೇಶ ಪ್ರವಾಸದ ಕನಸಿನಲ್ಲಿ ಬಾಲಿಗೆ ದೊಡ್ಡ ಜಾಗವಿದೆ. 2024ರಲ್ಲಿ ಬೆಂಗಳೂರಿನಿಂದ ಅಲ್ಲಿನ ರಾಜಧಾನಿ ಡೆನ್ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲಂತೂ ಆ ಕನಸು ಇನ್ನಷ್ಟು ಕೈಗೆಟುಕುವಂತಾಗಿದೆ. ಕನಸಿನಲ್ಲಿ ಕಾಣುವ ಚಿತ್ರಗಳೂ ಹೆಚ್ಚುಕಮ್ಮಿ ಒಂದೇ: ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, ತೆಂಗಿನ ಮರಗಳ ನಡುವೆ ಈಜುಕೊಳ, ಸಂಜೆಗೆಂಪಿನ ಕಡಲು.

ಈ ಚಿತ್ರಗಳನ್ನೆಲ್ಲ ಪೋಣಿಸಿರುವುದು ನೀರು. ನಮ್ಮ ಹಾಸನ ಜಿಲ್ಲೆಗಿಂತ ಸ್ವಲ್ಪ ಚಿಕ್ಕದಾದ ಈ ಇಂಡೊನೇಷ್ಯಾದ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ರೈತರು ಒಟ್ಟಿಗೆ ಕೂತು ಮಾತಾಡಿ ನೀರು ಹಂಚಿಕೊಳ್ಳುತ್ತ ಬಂದಿದ್ದಾರೆ. ಪ್ರವಾಸಿಗರು ಮನಸೋಲುವ ಆ ಹಸಿರು ಅವರ ದುಡಿಮೆಯ ಫಲ. ಬಾಲಿಯನ್ನು ನಿಜವಾಗಿ ನೋಡಬೇಕೆಂದರೆ ಗುಡ್ಡದ ತಲೆಯಿಂದ ಕಡಲಿನವರೆಗೆ ಈ ನೀರಿನ ಜಾಡು ಹಿಡಿದು ಇಳಿಯಬೇಕು.

ಬೆಂಕಿಬೆಟ್ಟದ ಮಡಿಲ ಸರೋವರ

ಜಾಡು ಶುರುವಾಗುವುದು ದ್ವೀಪದ ಈಶಾನ್ಯದ ಕಿಂತಾಮಣಿಯಲ್ಲಿ. ಯಾವುದೋ ಕಾಲದಲ್ಲಿ ಸಿಡಿದು ಕುಸಿದ ಭಾರೀ ಜ್ವಾಲಾಮುಖಿಯ ಬಾಯಿ ಇಲ್ಲಿ ಬಟ್ಟಲಿನಂತೆ ಹರಡಿಕೊಂಡಿದೆ. ಅದರೊಳಗೆ 1,717 ಮೀಟರ್ ಎತ್ತರದ ಬಾತೂರ್ ಬೆಟ್ಟ ಎದ್ದು ನಿಂತಿದೆ, ಪಕ್ಕದಲ್ಲೇ ಬಾಲಿಯ ಅತಿದೊಡ್ಡ ಸರೋವರವಿದೆ. ಸೂರ್ಯೋದಯ ನೋಡಲು ನಸುಕಿನ ಕತ್ತಲಲ್ಲಿ ಟಾರ್ಚ್ ಹಿಡಿದು ಬೆಟ್ಟ ಹತ್ತುವವರು ಈ ಬಟ್ಟಲಿನ ಅಂಚಿನಲ್ಲಿರುವ ದೇವಾಲಯಕ್ಕೂ ಒಮ್ಮೆ ಹೋಗಿಬರಬೇಕು. ಅದರ ಹೆಸರು ಪುರ ಉಲುನ್ ದಾನು ಬಾತೂರ್. ಮೊದಲು ದೇವಾಲಯವಿದ್ದದ್ದು ಬೆಟ್ಟದ ಬುಡದಲ್ಲಿ. 1926ರ ಸ್ಫೋಟದಲ್ಲಿ ಲಾವಾರಸ ಊರನ್ನೂ ಗುಡಿಯನ್ನೂ ನುಂಗಿದಾಗ ಊರಿನವರು ದೇವರನ್ನು ಹೊತ್ತು ಮೇಲೆ ಬಂದು ನೆಲೆ ನಿಂತರು.

ಇಲ್ಲಿ ಪೂಜೆಗೊಳ್ಳುವವಳು ಸರೋವರದ ಒಡತಿ ದೇವಿ ದಾನು. ಸರೋವರದಿಂದ ಹೊರಗೆ ಹರಿಯುವ ಹೊಳೆ ಕಣ್ಣಿಗೆ ಕಾಣುವುದಿಲ್ಲ. ನೀರು ಬೂದಿಮಣ್ಣಿನಲ್ಲಿ ಇಂಗಿ, ಕೆಳಗಿನ ಇಳಿಜಾರುಗಳಲ್ಲಿ ಚಿಲುಮೆಗಳಾಗಿ ಏಳುತ್ತದೆ ಎಂಬುದು ಬಾಲಿ ಜನರ ನಂಬಿಕೆ. ಆದ್ದರಿಂದ ತಪ್ಪಲಿನ ರೈತರು ಈ ತಾಯಿಗೆ ಕಾಣಿಕೆ ಒಪ್ಪಿಸುತ್ತಾರೆ, ನೀರಿನ ತಕರಾರು ಬಂದಾಗ ಇಲ್ಲಿನ ಅರ್ಚಕರ ಮಾತು ಕೇಳುತ್ತಾರೆ.

ಚಿಲುಮೆಯ ಗುಡಿ, ಬಂಡೆಯ ಗುಡಿ

ಕಿಂತಾಮಣಿಯಿಂದ ದಕ್ಷಿಣಕ್ಕೆ ಇಳಿದರೆ ತಂಪಾಕ್‌ಸಿರಿಂಗ್ ಎಂಬ ಊರು. ಇಲ್ಲಿನ ತೀರ್ತ ಎಂಪುಲ್ ಗುಡಿಯ ಒಳಗೊಂದು ಕೊಳವಿದೆ. ಅದರ ತಳದ ಕಪ್ಪು ಮರಳನ್ನು ತಳ್ಳಿಕೊಂಡು ನೀರು ಉಕ್ಕುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಗುಡಿ ಕಟ್ಟಿದ್ದು ಕ್ರಿ.ಶ. 962ರಲ್ಲಿ ಎಂದು ಶಾಸನ ಹೇಳುತ್ತದೆ. ಕಲ್ಲಿನ ಗೋಮುಖಗಳಿಂದ ಸುರಿಯುವ ನೀರಿಗೆ ತಲೆಯೊಡ್ಡಿ ಜನ ಒಂದೊಂದಾಗಿ ದಾಟುತ್ತ ಹೋಗುತ್ತಾರೆ. ಬಾಲಿಯ ಹಿಂದೂ ಆಚರಣೆಯಲ್ಲಿ ತೀರ್ಥವಿಲ್ಲದೆ ಯಾವ ಕಾರ್ಯವೂ ನಡೆಯುವುದಿಲ್ಲ. ಅನೇಕ ಗುಡಿಗಳಲ್ಲಿ ಮೂರ್ತಿಯ ಬದಲು ಖಾಲಿ ಪೀಠವಿರುತ್ತದೆ, ದೇವರು ಹಬ್ಬದ ದಿನ ಅಲ್ಲಿಗೆ ಬಂದು ಕೂರುತ್ತಾನೆ ಎಂಬ ಭಾವ. ಆದರೆ ತೀರ್ಥ ಮಾತ್ರ ಇರಲೇಬೇಕು.

ಮಿಂದವರ ಮೈಯಿಂದ ಇಳಿದ ಆ ನೀರೇ ಮುಂದೆ ಪಕೆರಿಸಾನ್ ಕಣಿವೆಯ ಗದ್ದೆಗಳಿಗೆ ಹರಿಯುತ್ತದೆ. ಆ ಕಣಿವೆಯ ಹೊಳೆಯ ದಂಡೆಯಲ್ಲಿ, ಸ್ವಲ್ಪವೇ ಕೆಳಗೆ, ಗುನುಂಗ್ ಕಾವಿ ಇದೆ. ಹನ್ನೊಂದನೇ ಶತಮಾನದ ಶಿಲ್ಪಿಗಳು ಇಲ್ಲಿ ಕಣಿವೆಯ ಬಂಡೆಗಳಲ್ಲಿ ಸುಮಾರು ಏಳು ಮೀಟರ್ ಎತ್ತರದ ಹತ್ತು ಗುಡಿಗಳನ್ನು ಕೊರೆದಿದ್ದಾರೆ. ಬಾಲಿಯ ರಾಜ ಉದಯನನ ಮನೆತನದ ನೆನಪಿಗೆ ಇವು ನಿಂತಿವೆ ಎನ್ನುತ್ತಾರೆ. ಗುಡಿಗಳನ್ನು ನೋಡಲು ಗದ್ದೆಗಳ ನಡುವಿನ ಕಡಿದಾದ ಮೆಟ್ಟಿಲು ಇಳಿಯಬೇಕು. ಆ ದಾರಿಯುದ್ದಕ್ಕೂ ಪಕ್ಕದ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತ ಜೊತೆಗೆ ಬರುತ್ತದೆ.

ಸುಬಕ್ ಎಂಬ ಒಪ್ಪಂದ

ಈ ಕಾಲುವೆಗಳನ್ನು ಆಳುವುದು ಸುಬಕ್. ಒಂದೇ ಮೂಲದ ನೀರು ಬಳಸುವ ರೈತರೆಲ್ಲ ಸೇರಿ ಕಟ್ಟಿಕೊಂಡ ಸಂಘ ಇದು. ಒಂಬತ್ತನೇ ಶತಮಾನದಷ್ಟು ಹಿಂದಕ್ಕೆ ಇದರ ಬೇರುಗಳು ಹೋಗುತ್ತವೆ. ಬಾಲಿಯಲ್ಲಿ ಇಂಥ ಸುಮಾರು 1,200 ಸಂಘಗಳಿವೆ, ಒಂದೊಂದರಲ್ಲಿ 50ರಿಂದ 400 ರೈತರು. ಸದಸ್ಯರೇ ಆರಿಸುವ ಮುಖ್ಯಸ್ಥ ಪೆಕಸೆಹ್. ನಮ್ಮ ಕೆರೆಗಳ ಅಚ್ಚುಕಟ್ಟಿನಲ್ಲಿ ಸರದಿಯಂತೆ ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿಯನ್ನು ಬಲ್ಲವರಿಗೆ ಪೆಕಸೆಹ್‌ನ ಕೆಲಸ ಕೂಡಲೇ ಅರ್ಥವಾಗುತ್ತದೆ. ನೀರಗಂಟಿಯ ಹೊಣೆ ಊರಿನ ಕೆರೆಗೆ ಮುಗಿಯುತ್ತಿತ್ತು. ಸುಬಕ್‌ಗಳಾದರೋ ಊರಿನ ಗಡಿ ದಾಟಿ, ಒಂದೇ ಹೊಳೆಯ ಮೇಲಿನವರನ್ನೂ ಕೆಳಗಿನವರನ್ನೂ ನೀರಿನ ಗುಡಿಗಳ ಮೂಲಕ ಒಂದೇ ಮಾತಿಗೆ ಕಟ್ಟಿಹಾಕುತ್ತವೆ.

ಹಂಚಿಕೆಯ ವಿಧಾನ ಸರಳ. ಕಾಲುವೆಗೆ ಅಡ್ಡಲಾಗಿ ಮರದ ದಿಮ್ಮಿಯಿಟ್ಟು ಅದರಲ್ಲಿ ಕಚ್ಚುಗಳನ್ನು ಕೊರೆಯುತ್ತಾರೆ. ಯಾರ ಪಾಲು ಎಷ್ಟೋ ಅವರ ಕಚ್ಚು ಅಷ್ಟು ಅಗಲ. ಹೊಳೆ ತುಂಬಿ ಬಂದರೂ ಬತ್ತಿದರೂ ಲಾಭ ನಷ್ಟ ಎಲ್ಲರಿಗೂ ಅದೇ ಪ್ರಮಾಣದಲ್ಲಿ ಬೀಳುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ನಾಟಿಯ ಕಾಲದ ಒಪ್ಪಂದ. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಮೇಲಿನವರಿಗೆ ನೀರು ಸಿಕ್ಕು ಕೆಳಗಿನವರಿಗೆ ಸಾಲದೆ ಹೋಗಬಹುದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನಾಟಿ ಮಾಡಿದರೆ ಹುಳುಗಳಿಗೆ ವರ್ಷವಿಡೀ ಮೇವು. ಆದ್ದರಿಂದ ನೀರಿನ ಗುಡಿಯ ಪಂಚಾಂಗದಂತೆ, ಗುಂಪು ಗುಂಪಾಗಿ ಸರದಿಯಲ್ಲಿ, ಅಕ್ಕಪಕ್ಕದ ಸುಬಕ್‌ಗಳು ಒಟ್ಟಾಗಿ ನೆಟ್ಟು, ಒಟ್ಟಾಗಿ ಕೊಯ್ದು, ಒಟ್ಟಾಗಿ ಗದ್ದೆಯನ್ನು ಬೀಳು ಬಿಡುತ್ತವೆ. ಆಗ ದೊಡ್ಡ ಬಯಲಿನಲ್ಲಿ ಹುಳುವಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಕೊಯ್ಲಾದ ಗದ್ದೆಗೆ ಬಾತುಕೋಳಿಗಳ ಹಿಂಡು ಇಳಿದು ಉದುರಿದ ಕಾಳನ್ನೂ ಹುಳುವನ್ನೂ ಆರಿಸುತ್ತದೆ.

1970ರ ದಶಕದಲ್ಲಿ ಈ ಒಪ್ಪಂದಕ್ಕೆ ಪೆಟ್ಟು ಬಿತ್ತು. ಅಧಿಕ ಇಳುವರಿಯ ತಳಿಗಳನ್ನು ಬಿಡುವಿಲ್ಲದೆ ಬೆಳೆಯಿರಿ, ನಾಟಿಯ ಕಾಲಕ್ಕೆ ಗುಡಿಯ ಪಂಚಾಂಗ ನೋಡಬೇಕಿಲ್ಲ ಎಂದು ಸರ್ಕಾರ ಒತ್ತಾಯಿಸಿತು. ಮೊದಮೊದಲು ಫಸಲು ಹೆಚ್ಚಿತು. ಆಮೇಲೆ ಕಂದು ಜಿಗಿಹುಳು ಮತ್ತು ರೋಗಗಳು ಗದ್ದೆಗಳನ್ನು ಮುತ್ತಿದವು, ಕೀಟನಾಶಕ ಸುರಿದರೂ ನಿಲ್ಲಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಕಂಪ್ಯೂಟರ್ ಮಾದರಿಯೊಂದನ್ನು ಕಟ್ಟಿ ನೋಡಿದಾಗ, ನೀರನ್ನೂ ಹುಳುವನ್ನೂ ಒಟ್ಟಿಗೆ ನಿಭಾಯಿಸಲು ಗುಡಿಗಳ ಹಳೆಯ ಏರ್ಪಾಡೇ ಉತ್ತಮವೆಂದು ಕಂಡುಬಂತು. ಓದು ಬರಹದ ಜಗತ್ತು ಮೂಢನಂಬಿಕೆಯೆಂದು ಬದಿಗೆ ಸರಿಸಿದ್ದರಲ್ಲಿ ಎಂಥ ವಿವೇಕವಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2012ರಲ್ಲಿ ಯುನೆಸ್ಕೊ ಸುಬಕ್ ಪ್ರದೇಶಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸುಬಕ್ ಗದ್ದೆಗಳನ್ನು ಕಣ್ತುಂಬ ನೋಡಬೇಕಾದರೆ ಬಾತುಕಾರು ಬೆಟ್ಟದ ತಪ್ಪಲಿನ ಜತಿಲುವಿಹ್‌ಗೆ ಹೋಗಬೇಕು. ಉಬುದ್ ಬಳಿಯ ತೆಗಲ್ಲಾಲಾಂಗ್‌ನಲ್ಲಿ ಫೋಟೊ ತೆಗೆಸಿಕೊಳ್ಳುವವರ ನೂಕುನುಗ್ಗಲು. ಜತಿಲುವಿಹ್‌ನಲ್ಲಾದರೆ ಗಂಟೆಗಟ್ಟಲೆ ಬದುವಿನ ಮೇಲೆ ನಡೆಯಬಹುದು. ಕೆಂಪು ಅಕ್ಕಿ ಇಲ್ಲಿನ ಹೆಸರುವಾಸಿ ಬೆಳೆ. ಗದ್ದೆಯಂಚಿನ ಪುಟ್ಟ ಗುಡಿಗಳಲ್ಲಿ ಭತ್ತದ ತಾಯಿ ದೇವಿ ಶ್ರೀಗೆ ಹೂವು ಏರಿಸಿರುತ್ತಾರೆ.

ಹಬ್ಬ, ಕುಣಿತ, ಮೌನ

ಬಾಲಿಯ ಯಾವ ಬೀದಿಗೆ ಹೋದರೂ ಮನೆ, ಅಂಗಡಿ, ಹೋಟೆಲುಗಳ ಮುಂದೆ ಪುಟಾಣಿ ಬುಟ್ಟಿಗಳು ಕಾಣುತ್ತವೆ. ಎಳೆಯ ತೆಂಗಿನ ಗರಿಯಲ್ಲಿ ಹೆಣೆದ ಬುಟ್ಟಿ, ಅದರಲ್ಲಿ ಬಣ್ಣಬಣ್ಣದ ಹೂವು, ಮೇಲೊಂದು ಊದುಬತ್ತಿ. ಇದು ಚನಾಂಗ್ ಸರಿ, ದಿನವೂ ಹೆಂಗಸರು ಸಿದ್ಧಮಾಡಿ ಇಡುವ ಕಾಣಿಕೆ. ನಡೆಯುವಾಗ ತುಳಿಯದಂತೆ ನೋಡಿಕೊಳ್ಳುವುದು ಅತಿಥಿಗಳ ಕರ್ತವ್ಯ. 210 ದಿನಗಳಿಗೊಮ್ಮೆ ಬರುವ ಗಲುಂಗನ್ ಹಬ್ಬಕ್ಕೆ ಪ್ರತಿ ಮನೆಯ ಮುಂದೆ ತುದಿ ಬಾಗಿದ ಎತ್ತರದ ಬಿದಿರಿನ ಗಳು ಏಳುತ್ತದೆ. ಊರಿನ ಬೀದಿ ಅಂದು ಚಪ್ಪರದಂತಾಗುತ್ತದೆ.

ನಮಗೆ ಇನ್ನೂ ಹತ್ತಿರದ ಹಬ್ಬ ನ್ಯೆಪಿ. ಬಾಲಿಯ ಚಾಂದ್ರಮಾನ ಪಂಚಾಂಗ ಎಣಿಸುವುದು ನಮ್ಮ ಪಂಚಾಂಗದಲ್ಲೂ ಇರುವ ಶಕ ವರ್ಷವನ್ನೇ. ಅದರ ಹೊಸ ವರ್ಷ ಕೆಲವೊಮ್ಮೆ ಯುಗಾದಿಯ ದಿನವೇ ಬರುತ್ತದೆ, 2023ರ ಮಾರ್ಚ್ 22ರಂದು ಹಾಗೇ ಆಯಿತು. ಹಿಂದಿನ ಸಂಜೆ ಯುವಕರು ಓಗೊಹ್-ಓಗೊಹ್ ಎಂಬ ದೈತ್ಯ ಬೊಂಬೆಗಳನ್ನು ಹೊತ್ತು ಗದ್ದಲವೆಬ್ಬಿಸುತ್ತಾರೆ. ಮರುದಿನ ಬೆಳಗಿನಿಂದ ಇಡೀ ದ್ವೀಪ ಸ್ತಬ್ಧ. ದೀಪವಿಲ್ಲ, ಒಲೆಯಿಲ್ಲ, ವಾಹನವಿಲ್ಲ, ವಿಮಾನ ನಿಲ್ದಾಣಕ್ಕೂ ಬೀಗ. ಪ್ರವಾಸಿಗರೂ ಹೋಟೆಲಿನೊಳಗೇ ಇರಬೇಕು. ಜನನಿಬಿಡವಾದ ಒಂದು ನಾಡು ವರ್ಷಕ್ಕೊಂದು ದಿನ ತನ್ನನ್ನು ತಾನೇ ಹೀಗೆ ನಿಲ್ಲಿಸಿಕೊಳ್ಳುವುದು ಜಗತ್ತಿನ ದೊಡ್ಡ ಅಚ್ಚರಿಗಳಲ್ಲಿ ಒಂದು.

ದಕ್ಷಿಣದ ಉಲುವಾಟುವಿನ ಬಂಡೆಯಂಚಿನಲ್ಲಿ ಸಂಜೆ ಕೆಚಕ್ ನಡೆಯುತ್ತದೆ. ಹತ್ತಾರು ಗಂಡಸರು ವೃತ್ತವಾಗಿ ಕೂತು, ಬಾಯಿಯಿಂದಲೇ ತಾಳ ಹೊರಡಿಸುತ್ತ ರಾಮಾಯಣವನ್ನು ನಡೆಸುತ್ತಾರೆ. ಹಳೆಯ ಆವೇಶದ ಆಚರಣೆಯೊಂದರ ಮೇಳದಿಂದ 1930ರ ದಶಕದಲ್ಲಿ ರೂಪುಗೊಂಡ ಪ್ರದರ್ಶನ ಇದು. ರಾತ್ರಿಯಿಡೀ ಯಕ್ಷಗಾನ, ತೊಗಲುಗೊಂಬೆಯಾಟ ನೋಡಿ ಬೆಳೆದವರಿಗೆ ಸೀತೆ, ಹನುಮಂತರು ಇಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತಾರೆ.

ಕಡಲಂಚಿನ ದಾಹ

ನೀರಿನ ಜಾಡು ಕೊನೆಗೆ ಬಂದು ಸೇರುವ ದಕ್ಷಿಣ ತೀರದಲ್ಲೇ ದ್ವೀಪದ ಸಂಕಟವೂ ಇದೆ. ಬಾಲಿಯ ಜನಸಂಖ್ಯೆ ಸುಮಾರು 44 ಲಕ್ಷ. 2024ರಲ್ಲಿ ಬಂದ ವಿದೇಶಿ ಪ್ರವಾಸಿಗರು 60 ಲಕ್ಷಕ್ಕೂ ಹೆಚ್ಚು. ಕೂಟಾ, ಸೆಮಿನ್ಯಾಕ್, ಚಂಗುಗಳಲ್ಲಿ ನಿನ್ನೆಯ ಗದ್ದೆ ಇಂದು ವಿಲ್ಲಾ ಆಗಿದೆ. ಮೇಲಿನ ಗದ್ದೆಯೊಂದು ಕಟ್ಟಡವಾದರೆ ಕೆಳಗಿನವನ ಕಾಲುವೆ ಕಡಿದುಹೋಗುತ್ತದೆ. ಅವನೂ ಮಾರುತ್ತಾನೆ, ಸುಬಕ್‌ನಲ್ಲಿ ಒಬ್ಬ ಸದಸ್ಯ ಕಡಿಮೆಯಾಗುತ್ತಾನೆ. ಈಜುಕೊಳಗಳಿಗಾಗಿ ಅಂತರ್ಜಲ ಎತ್ತಿದಂತೆ ಕಡಲಂಚಿನ ಬಾವಿಗಳಿಗೆ ಉಪ್ಪುನೀರು ನುಗ್ಗುವ ಭಯವೂ ಇದೆ. ಗದ್ದೆ ನೋಡಲು ಬಂದವರಿಗಾಗಿಯೇ ಗದ್ದೆ ಕಳೆದುಹೋಗುವುದು ನೋವಿನ ಸಂಗತಿ. ಇದನ್ನು ತಡೆಯುವ ಹೊಣೆಯಲ್ಲಿ ನಮ್ಮ ಪಾಲೂ ಇದೆ, ಎಲ್ಲಿ ಉಳಿಯುತ್ತೇವೆ ಮತ್ತು ಯಾರಿಗೆ ಹಣ ಕೊಡುತ್ತೇವೆ ಎಂಬುದು ನಮ್ಮ ಕೈಯಲ್ಲೇ ಇದೆ.

ಹೊರಡುವ ಮುನ್ನ

ಯಾವಾಗ: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ. ಉಳಿದ ತಿಂಗಳುಗಳು ಮಳೆಗಾಲ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ.

ಶುಲ್ಕ: ಭಾರತೀಯರಿಗೆ ಬಂದಿಳಿದ ಮೇಲೆ 30 ದಿನಗಳ ವೀಸಾ ಸಿಗುತ್ತದೆ, ಶುಲ್ಕ 5 ಲಕ್ಷ ರುಪಯಾ. 2024ರ ಫೆಬ್ರುವರಿಯಿಂದ ವಿದೇಶಿಯರಿಗೆ ಒಂದೂವರೆ ಲಕ್ಷ ರುಪಯಾ ಪ್ರವಾಸಿ ಕರವೂ ಇದೆ. ಅಂಕಿ ನೋಡಿ ಗಾಬರಿ ಬೇಡ, ಲಕ್ಷ ರುಪಯಾ ಎಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ಹೊರಡುವ ಮುಂಚೆ ಅಧಿಕೃತ ಜಾಲತಾಣದಲ್ಲಿ ದರ ಖಚಿತಪಡಿಸಿಕೊಳ್ಳಿ.

ಓಡಾಟ: ದ್ವೀಪದಲ್ಲಿ ರೈಲಿಲ್ಲ. ದಿನದ ಬಾಡಿಗೆಗೆ ಚಾಲಕ ಸಮೇತ ಕಾರು ಸಿಗುತ್ತದೆ. ಸ್ಕೂಟರ್ ಓಡಿಸುವವರ ಬಳಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು.

ಊಟ: ವಾರುಂಗ್ ಎನ್ನುವ ಸಣ್ಣ ಹೋಟೆಲುಗಳಲ್ಲಿ ತೆಂಗಿನತುರಿ ಬೆರೆಸಿದ ತರಕಾರಿ, ಹುದುಗಿಸಿದ ಸೋಯಾ ಕಾಳಿನ ಟೆಂಪೆ, ಶೇಂಗಾ ಗೊಜ್ಜಿನ ಗಾಡೊ-ಗಾಡೊ ಸಿಗುತ್ತವೆ. ಸಂಬಾಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ತೆರಾಸಿ ಎಂಬ ಸಿಗಡಿ ಮಸಾಲೆ ಇರುತ್ತದೆ, ಸಸ್ಯಾಹಾರಿಗಳು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಗುಡಿಗಳಲ್ಲಿ: ಗಂಡಸರೂ ಹೆಂಗಸರೂ ಪಂಚೆಯಂಥ ಸರೋಂಗ್ ಉಟ್ಟು ಸೊಂಟಕ್ಕೆ ವಸ್ತ್ರ ಕಟ್ಟಿಕೊಳ್ಳಬೇಕು.

ವಾಸ್ತವ್ಯ: ಕಡಲತೀರಕ್ಕೆ ಎರಡು ರಾತ್ರಿ ಸಾಕು. ಉಳಿದ ರಾತ್ರಿಗಳನ್ನು ಜತಿಲುವಿಹ್, ಸಿದೆಮೆನ್‌ನಂಥ ಗುಡ್ಡದ ಊರುಗಳಲ್ಲಿ, ರೈತರ ಮನೆಗಳ ಅತಿಥಿಗೃಹಗಳಲ್ಲಿ ಕಳೆಯಿರಿ. ಸುಬಕ್‌ನ ಮನೆಯೊಂದಕ್ಕೆ ಸಿಕ್ಕ ಬಾಡಿಗೆ, ಮಾರಿಹೋದ ಅವರ ಒಂದೆರಡು ಚೀಲ ಕೆಂಪಕ್ಕಿ, ಗದ್ದೆಯನ್ನು ಮಾರದೆ ಉಳಿಸಿಕೊಳ್ಳಲು ಅವರಿಗೆ ಒಂದು ಕಾರಣ ಕೊಡುತ್ತವೆ.