ನಿಧಾನ ಚಲನೆ, ನೀಳ ಉಸಿರು: ಚೀನೀಯರ ವ್ಯಾಯಾಮ ಮತ್ತು ವೃದ್ಧರ ಆರೋಗ್ಯ

ವಯಸ್ಸಾದವರು ಮನೆಯೊಳಗೆ ಬಿದ್ದರೆ ಅದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಬಚ್ಚಲಲ್ಲಿ ಕಾಲು ಜಾರಿತು, ರಾತ್ರಿ ಎದ್ದಾಗ ಹೊಸ್ತಿಲು ಎಡವಿದರು, ಏನೋ ಗ್ರಹಚಾರ ಎಂದು ಹೇಳಿ ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ವೈದ್ಯರಾದ ನಮಗೆ ಹಾಗೆ ಸಮಾಧಾನಪಡಲು ಬರುವುದಿಲ್ಲ. ತೊಡೆಯ ಮೂಳೆ ಸೊಂಟದ ಬಳಿ ಮುರಿದು ಹಾಸಿಗೆ ಹಿಡಿದ ವೃದ್ಧರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಮಲಗಿದಲ್ಲೇ ಮಲಗಿ ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ಶ್ವಾಸಕೋಶದ ಸೋಂಕು ತಗಲುತ್ತದೆ. ಮೂಳೆ ಮುರಿಯದೆ ಪಾರಾದವರಲ್ಲಿಯೂ ಒಂದು ಭಯ ಉಳಿದುಬಿಡುತ್ತದೆ. ಮತ್ತೆ ಬಿದ್ದೇನೆಂಬ ಅಂಜಿಕೆಯಿಂದ ಅವರು ಅಂಗಳಕ್ಕೆ ಇಳಿಯುವುದನ್ನು ಬಿಡುತ್ತಾರೆ, ಮೆಟ್ಟಿಲು ಹತ್ತುವುದನ್ನು ಬಿಡುತ್ತಾರೆ; ನಡೆಯದ ಕಾಲು ಇನ್ನಷ್ಟು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ.

ಈ ವಿಷವರ್ತುಲವನ್ನು ಮುರಿಯಬಲ್ಲ ಉಪಾಯಗಳಲ್ಲಿ ಆಧುನಿಕ ಸಂಶೋಧಕರು ಬಹಳವಾಗಿ ಪರೀಕ್ಷಿಸಿರುವ ಒಂದು ಪದ್ಧತಿ ಚೀನಾದೇಶದ್ದು. ತಾಯ್ ಚಿ ಮತ್ತು ಚಿಗಾಂಗ್ ಎಂಬ ಹೆಸರುಗಳನ್ನು ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಬೀಜಿಂಗ್ ನಗರದ ಸ್ವರ್ಗಮಂದಿರದ ಉದ್ಯಾನದಲ್ಲಿ ಬೆಳಗಿನ ಹೊತ್ತು ವೃದ್ಧರು ಗುಂಪಾಗಿ ನಿಂತು, ನೀರಿನೊಳಗೆ ಕೈಯಾಡಿಸಿದಂತೆ ಮೆಲ್ಲಮೆಲ್ಲನೆ ಅಂಗಾಂಗಗಳನ್ನು ಚಲಿಸುವ ದೃಶ್ಯವನ್ನು ದೂರದರ್ಶನದಲ್ಲಿ ಕಂಡವರೂ ಇರಬಹುದು. ಚೀನೀ ಭಾಷೆಯಲ್ಲಿ 'ಚಿ' ಎಂದರೆ ಉಸಿರು, ವಾಯು, ಜೀವಶಕ್ತಿ ಎಂಬ ಅರ್ಥಗಳಿವೆ. 'ಗಾಂಗ್' ಎಂದರೆ ಪರಿಶ್ರಮದಿಂದ ಸಾಧಿಸಿದ ನೈಪುಣ್ಯ. ಉಸಿರು, ಅಂಗಚಲನೆ, ಮನಸ್ಸಿನ ಗಮನ ಈ ಮೂರನ್ನೂ ಒಂದೇ ಲಯಕ್ಕೆ ತರುವ ಅಭ್ಯಾಸಗಳೆಲ್ಲ ಚಿಗಾಂಗ್ ಎಂಬ ಹೆಸರಿನಲ್ಲಿ ಬರುತ್ತವೆ. ತಾಯ್ ಚಿ ಹುಟ್ಟಿದ್ದು ಯುದ್ಧಕಲೆಯಾಗಿ. ಹೆನಾನ್ ಪ್ರಾಂತದ ಚೆನ್ ಮನೆತನದವರ ಗ್ರಾಮದಲ್ಲಿ ಹದಿನೇಳನೆಯ ಶತಮಾನದಲ್ಲಿ ಅದು ರೂಪುಗೊಂಡಿತೆಂದು ಇತಿಹಾಸಕಾರರಲ್ಲಿ ಹಲವರು ಹೇಳುತ್ತಾರೆ. 2020ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಸಿರಿನೊಡನೆ ಅಂಗ ಚಲಿಸುವ ಪದ್ಧತಿ ಆ ದೇಶದಲ್ಲಿ ಅದಕ್ಕಿಂತ ಬಹಳ ಹಳೆಯದು. ಹುನಾನ್ ಪ್ರಾಂತದ ಮಾವಾಂಗ್‌ದುಯ್ ಎಂಬಲ್ಲಿ 1973ರಲ್ಲಿ ಅಗೆದ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ಚಿತ್ರಪಟ ದೊರೆಯಿತು. ಅದರಲ್ಲಿ ಸ್ತ್ರೀಪುರುಷರ 44 ಆಕೃತಿಗಳು ಬಾಗುತ್ತ, ಚಾಚುತ್ತ, ತಿರುಗುತ್ತ ವ್ಯಾಯಾಮದಲ್ಲಿ ತೊಡಗಿವೆ. ಆ ಸಮಾಧಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಮುಂದೆ ಹ್ವಾ ತುವೊ ಎಂಬ ಪ್ರಸಿದ್ಧ ವೈದ್ಯನು ಹುಲಿ, ಜಿಂಕೆ, ಕರಡಿ, ಕೋತಿ, ಪಕ್ಷಿ ಈ ಐದರ ಚಲನೆಯನ್ನು ಅನುಕರಿಸುವ ವ್ಯಾಯಾಮವನ್ನು ತನ್ನ ಶಿಷ್ಯರಿಗೆ ಕಲಿಸಿದನೆಂದು ಪ್ರತೀತಿ.

ಇವುಗಳಲ್ಲಿ ಸಾಮಾನ್ಯ ಜನರಿಗೆ ಅತ್ಯಂತ ಸುಲಭವಾದುದು 'ಬಾ ದುವಾನ್ ಜಿನ್' ಎಂದು ನಮ್ಮ ಅಭಿಪ್ರಾಯ. ಎಂಟು ತುಂಡು ಜರತಾರಿ ಎಂದು ಅದರ ಅರ್ಥ. ಎಂಟು ಚಲನೆಗಳು, ಅಷ್ಟೇ. ಮೊದಲನೆಯದರಲ್ಲಿ ಎರಡೂ ಕೈಗಳ ಬೆರಳು ಹೆಣೆದು ಆಕಾಶವನ್ನು ಎತ್ತಿಹಿಡಿದಂತೆ ಮೇಲೆ ಚಾಚಬೇಕು. ಎರಡನೆಯದರಲ್ಲಿ ಕಾಲುಗಳನ್ನು ಅಗಲಿಸಿ ಗಿಡುಗಕ್ಕೆ ಗುರಿಯಿಟ್ಟ ಬಿಲ್ಲುಗಾರನಂತೆ ಎಡಕ್ಕೂ ಬಲಕ್ಕೂ ಬಿಲ್ಲೆಳೆಯಬೇಕು. ಬಳಿಕ ಒಂದು ಕೈ ಮೇಲಕ್ಕೆ, ಒಂದು ಕೈ ಕೆಳಕ್ಕೆ ಒತ್ತುವುದು. ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡುವುದು. ಕುದುರೆಯ ಮೇಲೆ ಕುಳಿತಂತೆ ಮೊಣಕಾಲು ಬಾಗಿಸಿ ತಲೆಯನ್ನೂ ಸೊಂಟವನ್ನೂ ಓಲಾಡಿಸುವುದು. ಮುಂದಕ್ಕೆ ಬಾಗಿ ಪಾದವನ್ನು ಮುಟ್ಟಲು ಯತ್ನಿಸುವುದು. ಮುಷ್ಟಿ ಬಿಗಿದು ಕಣ್ಣರಳಿಸಿ ಕೈ ಮುಂದೆ ಚಾಚುವುದು. ಎಂಟನೆಯದು ಎಲ್ಲಕ್ಕಿಂತ ಸರಳ: ಹಿಮ್ಮಡಿಗಳನ್ನು ಮೇಲೆತ್ತಿ ಕೆಳಗಿಳಿಸುವುದು, ಏಳು ಬಾರಿ. ಇಡೀ ಕ್ರಮಕ್ಕೆ ಹದಿನೈದು ನಿಮಿಷ ಸಾಕು. ಹೊದಿಕೆ ಬೇಡ, ಚಾಪೆ ಬೇಡ, ಉಪಕರಣ ಬೇಡ. ನೆಲಕ್ಕೆ ಕುಳಿತು ಏಳಲಾರದ ಮೊಣಕಾಲು ನೋವಿನವರಿಗೆ ಇದು ದೊಡ್ಡ ಅನುಕೂಲ. ಇದು ಸೋಂಗ್ ಅರಸರ ಕಾಲದಿಂದಲೂ ಪ್ರಚಾರದಲ್ಲಿದೆ. ಈ ಶತಮಾನದ ಆರಂಭದಲ್ಲಿ ಚೀನಾದ ಕ್ರೀಡಾ ಇಲಾಖೆಯು ಜನಸಾಮಾನ್ಯರಿಗಾಗಿ ಪರಿಷ್ಕರಿಸಿ ಪ್ರಚುರಪಡಿಸಿದ ನಾಲ್ಕು ಕ್ರಮಗಳಲ್ಲಿ ಇದೂ ಒಂದು.

ಇಷ್ಟು ಮೆಲ್ಲಗೆ ಕೈಕಾಲು ಆಡಿಸಿದರೆ ಏನು ಬಂತು, ಬೆವರೇ ಬರುವುದಿಲ್ಲವಲ್ಲ ಎಂದು ನಮ್ಮ ಬಳಿ ಬರುವ ಹಿರಿಯರು ಕೇಳುವುದುಂಟು. ಗುಟ್ಟಿರುವುದು ಆ ನಿಧಾನದಲ್ಲಿಯೇ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಕ್ಷಣಕಾಲ ಒಂದೇ ಕಾಲಿನ ಮೇಲೆ ನಿಂತಿರುತ್ತೇವೆ. ಯೌವನದಲ್ಲಿ ಇದರ ಅರಿವೇ ಇರುವುದಿಲ್ಲ. ಅಂಗಾಲಿನ ಸ್ಪರ್ಶ, ಕೀಲುಗಳಲ್ಲಿರುವ ಸ್ಥಾನಜ್ಞಾನ, ಒಳಕಿವಿಯ ಸಮತೋಲನ, ಕಣ್ಣಿನ ನೋಟ ಈ ನಾಲ್ಕೂ ಕ್ಷಣಕ್ಷಣಕ್ಕೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತ ದೇಹವನ್ನು ನೆಟ್ಟಗೆ ನಿಲ್ಲಿಸುತ್ತವೆ. ವಯಸ್ಸಾದಂತೆ ಈ ಸುದ್ದಿ ತಡವಾಗುತ್ತದೆ. ಮಧುಮೇಹವಿದ್ದವರಿಗಂತೂ ಅಂಗಾಲಿನ ಸ್ಪರ್ಶವೇ ಮಂದವಾಗಿರುತ್ತದೆ. ತಾಯ್ ಚಿ ಅಭ್ಯಾಸದಲ್ಲಿ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹನಿಹನಿಯಾಗಿ ಸುರಿದಂತೆ ದಾಟಿಸಬೇಕು. ವೇಗವಾಗಿ ಮಾಡಿದರೆ ದೇಹದ ಓಟವೇ ನಮ್ಮನ್ನು ದಾಟಿಸಿಬಿಡುತ್ತದೆ. ನಿಧಾನವಾಗಿ ಮಾಡಿದಾಗ ತೊಡೆಯ, ಮೀನಖಂಡದ, ಪಾದದ ಮಾಂಸಖಂಡಗಳು ಅಷ್ಟು ಹೊತ್ತೂ ಭಾರ ಹೊತ್ತು ಎಚ್ಚರವಾಗಿರಬೇಕಾಗುತ್ತದೆ. ಬೆವರು ಬಾರದಿದ್ದರೂ ತೊಡೆಗಳು ಎರಡನೆಯ ದಿನವೇ ನೋವಿನ ಮೂಲಕ ಉತ್ತರ ಹೇಳುತ್ತವೆ!

ಪರೀಕ್ಷೆಗಳ ಫಲಿತಾಂಶ ಗಮನಾರ್ಹವಾಗಿದೆ. ಅಮೆರಿಕದ ಅಟ್ಲಾಂಟಾದಲ್ಲಿ ಎಪ್ಪತ್ತು ದಾಟಿದ 200 ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15 ವಾರ ತಾಯ್ ಚಿ ಕಲಿತವರು ಪದೇಪದೇ ಬೀಳುವ ಸಂಭವ ಶೇಕಡಾ 47ರಷ್ಟು ತಗ್ಗಿತು. ಆರೆಗಾನ್ ರಾಜ್ಯದಲ್ಲಿ ಬೀಳುವ ಅಪಾಯ ಹೆಚ್ಚಾಗಿದ್ದ 670 ವೃದ್ಧರನ್ನು ಮೂರು ಗುಂಪು ಮಾಡಿ 24 ವಾರ ಅಭ್ಯಾಸ ಮಾಡಿಸಿದರು. ಬರಿಯ ಮೈಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಇದು 2018ರ ವರದಿ. ನಾವು ಕಂಪವಾತವೆಂದು ಕರೆಯುವ ಪಾರ್ಕಿನ್ಸನ್ಸ್ ರೋಗದ 195 ಜನರಲ್ಲಿಯೂ ವಾರಕ್ಕೆರಡು ದಿನದ ಅಭ್ಯಾಸದಿಂದ ಸಮತೋಲನ ಸುಧಾರಿಸಿದ್ದು 2012ರಲ್ಲಿ ವರದಿಯಾಗಿದೆ. ಮೊಣಕಾಲಿನ ಸಂಧಿವಾತದಲ್ಲಿ ಬಾಸ್ಟನ್ ನಗರದ 204 ರೋಗಿಗಳಿಗೆ 12 ವಾರಗಳ ತಾಯ್ ಚಿ, ಫಿಸಿಯೋಥೆರಪಿಯಷ್ಟೇ ನೋವುಶಮನ ನೀಡಿತು. ವಾತವೃದ್ಧಿಯ ವಯಸ್ಸಿನಲ್ಲಿ ಔಷಧದ ಶೀಶೆಯಿಲ್ಲದೆ ಇಷ್ಟು ದೊರೆಯುವುದು ಸಣ್ಣ ಮಾತಲ್ಲ.

ಇನ್ನು ಉಸಿರಿನ ವಿಚಾರ. ಕೈ ಮೇಲೇಳುವಾಗ ಉಸಿರು ಒಳಕ್ಕೆ, ಇಳಿಯುವಾಗ ಹೊರಕ್ಕೆ. ಹೊಟ್ಟೆ ಉಬ್ಬಿ ತಗ್ಗುವಂತೆ, ಸದ್ದಿಲ್ಲದೆ, ನೀಳವಾಗಿ. ನಿಃಶ್ವಾಸ ದೀರ್ಘವಾದಾಗ ಹೃದಯದ ಬಡಿತ ತಗ್ಗುತ್ತದೆ, ನರಮಂಡಲದ ಉದ್ವೇಗ ಶಮನವಾಗುತ್ತದೆ. ರಕ್ತದೊತ್ತಡ ಏರುವ ಅಂಚಿನಲ್ಲಿದ್ದ 342 ಜನರನ್ನು ಬೀಜಿಂಗ್‌ನಲ್ಲಿ ಒಂದು ವರ್ಷ ಗಮನಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಚುರುಕು ನಡಿಗೆ, ಓಟದಂತಹ ವ್ಯಾಯಾಮ ಮಾಡಿದವರಲ್ಲಿ ಮೇಲಿನ ಒತ್ತಡ ಸರಾಸರಿ 4.6ರಷ್ಟು ಇಳಿದರೆ, ತಾಯ್ ಚಿ ಮಾಡಿದವರಲ್ಲಿ 7ರಷ್ಟು ಇಳಿದಿತ್ತು. 'ಲಿಯು ಜಿ ಜುವೆ' ಎಂಬ ಇನ್ನೊಂದು ಕ್ರಮದಲ್ಲಿ ಉಸಿರು ಬಿಡುವಾಗ ತುಟಿಯನ್ನು ಬೇರೆಬೇರೆಯಾಗಿ ಅಳವಡಿಸಿ ಆರು ಧ್ವನಿಗಳನ್ನು ಹೊರಡಿಸುತ್ತಾರೆ. ಬಹುಕಾಲದ ಧೂಮಪಾನದಿಂದಲೋ ಸೌದೆಯ ಹೊಗೆಯಿಂದಲೋ ಶ್ವಾಸಕೋಶ ಕೆಟ್ಟವರಿಗೆ ತುಟಿ ಕಿರಿದುಮಾಡಿ ಉಸಿರು ಬಿಡಲು ಇಂದಿನ ಶ್ವಾಸತಜ್ಞರು ಹೇಳಿಕೊಡುತ್ತಾರಷ್ಟೆ. ಹಾಗೆ ಬಿಟ್ಟಾಗ ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಈ ಚೀನೀ ಕ್ರಮದ ಯುಕ್ತಿಯೂ ಅದಕ್ಕೆ ಹತ್ತಿರವಾದುದು.

ಇಲ್ಲಿ ಆಯುರ್ವೇದದ ಒಂದು ಆಕ್ಷೇಪವನ್ನು ಎತ್ತಿಕೊಳ್ಳಬೇಕು. ವಾಗ್ಭಟಾಚಾರ್ಯರು ವ್ಯಾಯಾಮವನ್ನು ಬಿಡಬೇಕಾದವರ ಸಾಲಿನಲ್ಲಿ ವೃದ್ಧರನ್ನೂ ಸೇರಿಸಿದ್ದಾರೆ. ಇದನ್ನೇ ಹಿಡಿದು, ಅರವತ್ತರ ನಂತರ ವಿಶ್ರಾಂತಿಯೇ ಪಥ್ಯವೆಂದು ಸಲಹೆ ನೀಡುವ ವೈದ್ಯಮಿತ್ರರಿದ್ದಾರೆ. ನಮಗೆ ಅದು ಸರಿಕಾಣುವುದಿಲ್ಲ. ಶರೀರಕ್ಕೆ ಆಯಾಸ ತರುವ ಕರ್ಮವೇ ಶಾಸ್ತ್ರದ ದೃಷ್ಟಿಯಲ್ಲಿ ವ್ಯಾಯಾಮ. ಆ ನಿಷೇಧವೂ ಅಂಥದ್ದಕ್ಕೇ. ಬಲಶಾಲಿಯೂ ತನ್ನ ಅರ್ಧಶಕ್ತಿಯಷ್ಟೇ ವ್ಯಯಿಸಬೇಕೆಂಬುದು ಅದೇ ಶಾಸ್ತ್ರದ ಮಾತು. ಬಾಯಿಂದ ಉಸಿರಾಡುವ ಸ್ಥಿತಿ ಬಂತೆಂದರೆ ಅರ್ಧಶಕ್ತಿ ಮುಗಿಯಿತೆಂಬ ಗುರುತನ್ನು ಸುಶ್ರುತರು ಕೊಟ್ಟಿದ್ದಾರೆ. ಆದ್ಯಂತ ಮೂಗಿನಿಂದಲೇ ಉಸಿರಾಡುತ್ತ ಮಾಡುವ ಬಾ ದುವಾನ್ ಜಿನ್ ಆ ಮಿತಿಯನ್ನು ಮುಟ್ಟುವುದೇ ಇಲ್ಲ. ಹಾಗೆಂದು ಚೀನೀಯರ 'ಚಿ' ನಮ್ಮ ಪ್ರಾಣವಾಯುವೇ, ಅವರ ನಾಡಿಮಾರ್ಗಗಳು ನಮ್ಮ ಸ್ರೋತಸ್ಸುಗಳೇ ಎಂದು ತಾಳೆಹಾಕುವ ಉತ್ಸಾಹವೂ ನಮಗಿಲ್ಲ. ಅವರ ಶಾಸ್ತ್ರ ಅವರದು. ಮೊದಲ ಚಲನೆಯಿಂದ ಇಂತಹ ಅಂಗ, ಮೂರನೆಯದರಿಂದ ಜಠರ ಮತ್ತು ಪ್ಲೀಹ ಸರಿಹೋಗುತ್ತವೆಂಬ ಅವರ ಸಾಂಪ್ರದಾಯಿಕ ವಿವರಣೆಯನ್ನು ಒಪ್ಪದೆಯೂ ವ್ಯಾಯಾಮದ ಫಲ ಪಡೆಯಬಹುದು.

ಚೀನಾದಲ್ಲಿಯೇ ಈ ಪದ್ಧತಿ ಅತಿರೇಕಕ್ಕೆ ಹೋದ ಕಾಲವಿತ್ತು. 1980ರ ದಶಕದಲ್ಲಿ ಚಿಗಾಂಗ್ ಒಂದು ಜ್ವರದಂತೆ ದೇಶವನ್ನೆಲ್ಲ ಆವರಿಸಿತು. ಅಂಗೈಯಿಂದ ಚಿ ಹೊಮ್ಮಿಸಿ ದೂರದಲ್ಲಿರುವ ರೋಗಿಯ ಗಡ್ಡೆ ಕರಗಿಸುತ್ತೇವೆಂದವರಿದ್ದರು, ಅವರನ್ನು ನಂಬಿ ಸಭಾಂಗಣ ತುಂಬಿದವರಿದ್ದರು. ಗಂಟೆಗಟ್ಟಲೆ ಉಸಿರಿನ ಅಭ್ಯಾಸ ಮಾಡಿ ಮನಸ್ಸಿನ ಸ್ವಾಸ್ಥ್ಯ ಕೆಡಿಸಿಕೊಂಡವರನ್ನು ಅಲ್ಲಿಯ ಮನೋವೈದ್ಯರೇ ದಾಖಲಿಸಿದ್ದಾರೆ. ಆದುದರಿಂದ ಅರ್ಬುದ ವಾಸಿಯಾಗುತ್ತದೆ, ಸಕ್ಕರೆಯ ಮಾತ್ರೆ ಬಿಡಬಹುದು ಎಂದು ಯಾರಾದರೂ ಚಿಗಾಂಗ್ ಹೆಸರಿನಲ್ಲಿ ಹೇಳಿದರೆ ಅವರಿಂದ ದೂರವಿರಿ. ರಕ್ತದೊತ್ತಡ ಇಳಿದರೂ ಮಾತ್ರೆಯ ಪ್ರಮಾಣವನ್ನು ತಗ್ಗಿಸಬೇಕಾದವರು ಅದನ್ನು ಬರೆದುಕೊಟ್ಟ ವೈದ್ಯರೇ ಹೊರತು ನೀವಲ್ಲ.

ಆರಂಭಿಸುವವರಿಗೆ ಕೆಲವು ಮಾತು. ಬೆಳಗ್ಗೆ ಮಲವಿಸರ್ಜನೆಯಾದ ಮೇಲೆ, ಬರಿಹೊಟ್ಟೆಯಲ್ಲಿ ಮಾಡುವುದು ಉತ್ತಮ; ಇನ್ಸುಲಿನ್ ಪಡೆಯುವವರು ಮಾತ್ರ ಬರಿಹೊಟ್ಟೆಯಲ್ಲಿ ಮಾಡಬಾರದು. ಒದ್ದೆ ನೆಲ, ನುಣುಪು ಕಲ್ಲುಹಾಸು ಬೇಡ. ಗೋಡೆಯ ಪಕ್ಕದಲ್ಲಿ, ಭಾರವಾದ ಕುರ್ಚಿಯೊಂದನ್ನು ಕೈಗೆಟಕುವಂತೆ ಇಟ್ಟುಕೊಂಡು ನಿಲ್ಲಿ. ಮೊಣಕಾಲು ಬಾಗಿಸುವಾಗ ಅದು ಕಾಲ್ಬೆರಳ ತುದಿಯನ್ನು ದಾಟಬಾರದು. ನೋವಿದ್ದರೆ ನಾಲ್ಕು ಬೆರಳಷ್ಟು ಬಾಗಿದರೂ ಸಾಕು. ತೀರ ಅಶಕ್ತರು ಕುಳಿತೇ ಕೈಯ ಚಲನೆಗಳನ್ನು ಮಾಡಬಹುದು. ಉಸಿರನ್ನು ಎಲ್ಲಿಯೂ ಬಿಗಿಹಿಡಿಯಬೇಡಿ. ತಲೆಸುತ್ತು, ಕಣ್ಣಿನ ಒತ್ತಡದ ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ತಲೆ ತಗ್ಗಿಸಿ ಬಾಗುವ ಐದನೆಯ ಮತ್ತು ಆರನೆಯ ಚಲನೆಗಳನ್ನು ಬಿಡಬೇಕು. ಈಚೆಗೆ ಹೃದಯಾಘಾತವಾದವರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ವೈದ್ಯರನ್ನು ಕೇಳದೆ ತೊಡಗಬಾರದು. ಒಂದೆರಡು ವಾರದಲ್ಲಿ ಫಲ ಕಾಣದು. ಮೇಲೆ ಹೇಳಿದ ಅಧ್ಯಯನಗಳು ಮೂರು ತಿಂಗಳಿಂದ ಒಂದು ವರ್ಷದವರೆಗೆ ನಡೆದವು ಎಂಬುದನ್ನು ನೆನಪಿಡಿ.

ಎಂಟೂ ಚಲನೆ ಕಲಿಯುವ ಅವಕಾಶ ಇಲ್ಲದವರು ಕೊನೆಯದೊಂದನ್ನಾದರೂ ಇಂದಿನಿಂದಲೇ ಮಾಡಬಹುದು. ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು, ಉಸಿರೆಳೆಯುತ್ತ ಹಿಮ್ಮಡಿ ಎತ್ತಿ, ಒಂದು ಕ್ಷಣ ನಿಂತು, ಉಸಿರು ಬಿಡುತ್ತ ಇಳಿಸಿ, ಏಳು ಬಾರಿ. ಚೀನೀಯರು ಹಿಮ್ಮಡಿಯನ್ನು ನೆಲಕ್ಕೆ ತುಸು ತಟ್ಟುವಂತೆ ಬಿಡುತ್ತಾರೆ. ಮೂಳೆ ಸವೆದವರು ತಟ್ಟದೆ, ಮೆಲ್ಲನೆ ಊರಬೇಕು.