ಕೆಂಪು ಕಲ್ಲಿನಡಿಯ ಮನೆವಾರ್ತೆ

ಬೀದರ್‌ನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರು ಸೀಳಿಕೊಂಡು ಹೋಗುವಾಗ ಎಲ್ಲರ ಬಾಯಲ್ಲೂ ದೇವರ ನಾಮ. ನನ್ನ ಕಣ್ಣು ಮಾತ್ರ ಚಾವಣಿಯ ಬಾವಲಿಗಳ ಮೇಲೆ. ಕೆಳಗೆ ಇಷ್ಟು ಗದ್ದಲವಿದ್ದರೂ ಅವು ಜಾಗ ಬಿಟ್ಟಿಲ್ಲ. ರಾತ್ರಿ ಹೊರಗೆ ಮೇವು, ಹಗಲು ಒಳಗೆ ಹಿಕ್ಕೆ. ಬಿಸಿಲು ಕಾಣದ ಗುಹೆಗೆ ಹೊರಗಿನ ಸಾರ ಸೇರುವುದೇ ಹೀಗೆ. ಹಿಕ್ಕೆ ನೆಚ್ಚಿ ಬೂಷ್ಟು, ಬೂಷ್ಟು ನೆಚ್ಚಿ ಹುಳ. ಭಕ್ತರ ತಲೆಗೂ ಒಂದಿಷ್ಟು ಪಾಲು ಬೀಳುತ್ತದೆ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ಬಾವಲಿಗಳದ್ದೇ ಕಥೆ ಬರೆಯಬಹುದಿತ್ತು, ಆದರೆ ನೀರು ಎಲ್ಲಿಂದ ಬಂತು ಎಂಬುದು ಕಾಡತೊಡಗಿತು.

ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿಯ ಬಳಿ ಸಿಕ್ಕ ಹಿರಿಯರೊಬ್ಬರು ಭೂವಿಜ್ಞಾನವನ್ನು ಒಂದೇ ಉಸಿರಿನಲ್ಲಿ ಮುಗಿಸಿದರು: "ಮ್ಯಾಲ ಕೆಂಪು ಕಲ್ಲ, ಕೆಳಗ ಕರಿ ಕಲ್ಲ. ನಡುವಿನ ನೀರು ಎಲ್ಲಿಗಿ ಹೋಗಬೇಕ್ರಿ?" ಕೆಂಪು ಕಲ್ಲೆಂದರೆ ತೂತುತೂತಾದ ಜಂಬಿಟ್ಟಿಗೆ; ಅದು ಮಳೆ ಕುಡಿಯುತ್ತದೆ, ಅಡಿಯ ಪದರ ಬಿಡುವುದಿಲ್ಲ, ನೀರು ಅಂಚಿನಲ್ಲಿ ಜಿನುಗುತ್ತದೆ. ಬೀದರಿನ ಗುರುದ್ವಾರ ಗುರುನಾನಕ್ ಝೀರಾದ ಚಿಲುಮೆಯೂ ಕೆಂಪು ಕಲ್ಲಿನದೇ ಕೊಡುಗೆ.

ಬಾವಲಿ, ಕಲ್ಲು, ನೀರಿನ ಇಂಥ ನಂಟನ್ನು ಓದುವ ವಿದ್ಯೆಗೊಂದು ಹೆಸರಿದೆ. 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ 'ಎಕಾಲಜಿ' ಎಂಬ ಪದ ಕಟ್ಟಿದ್ದು ಮನೆ ಎಂಬರ್ಥದ ಗ್ರೀಕ್ ಮೂಲದಿಂದ. ಜೀವಿಗೂ ಸುತ್ತಲಿಗೂ ಇರುವ ನಂಟಿನ ಅಧ್ಯಯನ ಎಂದ. ನನ್ನ ಮಟ್ಟಿಗೆ ಅದು ಜಗತ್ತಿನ ಮನೆವಾರ್ತೆ. ಆದರೆ ಹೆಕೆಲ್ ಕೂಸಿಗೆ ಹೆಸರಿಟ್ಟು ಹೊರಟವನು. ಸಾಕಿದ್ದು 1895ರಲ್ಲಿ ಸಸ್ಯಸಮುದಾಯಗಳ ಬಗ್ಗೆ ಪುಸ್ತಕ ಬರೆದ ಡೆನ್ಮಾರ್ಕಿನ ವಾರ್ಮಿಂಗ್. ಪರಿಸರ ವ್ಯವಸ್ಥೆಯ ಕಲ್ಪನೆಗೆ ಇಂಗ್ಲೆಂಡಿನ ಟ್ಯಾನ್ಸ್ಲಿ 1935ರಲ್ಲಿ ಹೆಸರು ಕೊಟ್ಟ.

15ನೇ ಶತಮಾನದ ಮೊದಲರ್ಧದಲ್ಲಿ ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂತು; ನೌಬಾದಿನ ಸುರಂಗಕ್ಕೆ ಮೂಲವಾದ ಇರಾನಿನ ಕಾರೇಜ್ ವಿದ್ಯೆಯೂ ಬಂತು. ಇಳಿಜಾರಿನ ಸುರಂಗ, ಮೇಲಿನಿಂದ ಸಾಲಾಗಿ ಇಳಿಬಾವಿಗಳು, ಪಂಪಿಲ್ಲದೆ ಹರಿಯುವ ನೀರು. ಎಲ್ಲರೂ ಇರಾನನ್ನು ಹೊಗಳುತ್ತಾರೆ. ನನಗೆ ಅಷ್ಟು ಭಕ್ತಿಯಿಲ್ಲ. ತೋಡಿದವರು ಜಾಣರು, ನಿಜ. ನೀರು ಹಿಡಿದಿಟ್ಟದ್ದು ಬೀದರಿನ ಕಲ್ಲು. ನಾವೋ, ಅದೇ ಇಳಿಬಾವಿಗಳಿಗೆ ಕಸ ಸುರಿದೆವು. ಹೂಳೆತ್ತಿ ಸ್ವಚ್ಛಗೊಳಿಸುವ ಕೆಲಸ ಶುರುವಾದದ್ದು ತೀರಾ ಈಚೆಗೆ.

ಇದೇ ಜಿಲ್ಲೆಯ ಭಾಲ್ಕಿ, ಔರಾದ್ ಕಡೆ ಹೋದಂತೆ ಕೆಂಪು ಕಲ್ಲಿನ ಬದಲು ಬಹುಪಾಲು ಕಪ್ಪು ಯರಿ ಭೂಮಿ. ತೊಗರಿ, ಉದ್ದು, ಸೋಯಾ, ಜೋಳ. ನೀರೆಂದರೆ ಮಾಂಜ್ರಾ, ಕಾರಂಜಾ ನದಿಗಳು; ಕಾರಂಜಾಕ್ಕೆ ಅಣೆಕಟ್ಟು ಕಟ್ಟಿರುವುದು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ. ಮಳೆ ಕುಡಿದ ಯರಿ ಮಣ್ಣು ತೇವವನ್ನು ಹಿಂಗಾರಿ ಬೆಳೆಗೆಂದು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಚಿಲುಮೆಯಾಗಿ ಬಿಡುವುದಿಲ್ಲ. ಆ ಹೊಲಗಳಿಗೆ ಇರಾನಿನಿಂದ ಎಷ್ಟು ಜನ ಕುಶಲಿಗರನ್ನು ಕರೆಸಿದ್ದರೂ ನೌಬಾದ್‌ನಂಥ ಸುರಂಗ ಹರಿಯುತ್ತಿರಲಿಲ್ಲ.