ವಿದ್ಯಾರ್ಥಿಯ ಬಾಯಿಮಾತು ಮತ್ತು ಪಾಠದ ಭಾಷೆ: ವಿಶಾಖಪಟ್ಟಣದಿಂದ ವಿಜಯವಾಡದವರೆಗೆ

ಆಧುನಿಕ ತೆಲುಗು ಸಾಹಿತ್ಯದ ಚರಿತ್ರೆಯಲ್ಲಿ ವ್ಯಾವಹಾರಿಕ ಭಾಷೆಯ ಚಳವಳಿಗೆ ವಿಶಿಷ್ಟವಾದ ಸ್ಥಾನವಿದೆ. ತೌಲನಿಕ ಅಧ್ಯಯನದ ಸಂದರ್ಭದಲ್ಲಿ ನಮ್ಮ ಕನ್ನಡ ವಿಭಾಗಗಳಲ್ಲಿಯೂ ಗುರಜಾಡ ಅಪ್ಪಾರಾವ್ ಮತ್ತು ಗಿಡುಗು ವೆಂಕಟ ರಾಮಮೂರ್ತಿ ಅವರ ಹೆಸರುಗಳು ಕೇಳಿಬರುತ್ತವೆ. ಆದರೆ ಆ ಚಳವಳಿಯನ್ನು ಕವಿಗಳ ಮತ್ತು ಪಂಡಿತರ ನಡುವಣ ಶೈಲಿಯ ಜಗಳವೆಂದು ಪರಿಭಾವಿಸುವುದೇ ವಾಡಿಕೆಯಾಗಿಬಿಟ್ಟಿದೆ. ವಾಸ್ತವವಾಗಿ ಅದು ಹುಟ್ಟಿದ್ದು ಶಾಲೆಯ ಕೋಣೆಯಲ್ಲಿ. ಹುಡುಗರು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಯಾವ ತೆಲುಗನ್ನು ಬರೆಯಬೇಕು ಎಂಬ ಪ್ರಶ್ನೆಯೇ ಅದರ ಮೂಲ. ಆ ಪ್ರಶ್ನೆಯನ್ನು ಎತ್ತಿದವರು ಒಬ್ಬ ಶಾಲಾ ಇನ್‌ಸ್ಪೆಕ್ಟರು, ಒಬ್ಬ ಪ್ರಾಂಶುಪಾಲರು ಮತ್ತು ಒಬ್ಬ ಉಪಾಧ್ಯಾಯರು. ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥನ ಚಿಂತನೆ ಒಂದು ಭಾಷೆಯ ಗತಿಯನ್ನೇ ಹೇಗೆ ಪ್ರಭಾವಿಸಬಲ್ಲುದೆಂಬುದನ್ನು ಈ ಪ್ರಸಂಗದ ಮೂಲಕ ಪರಿಶೀಲಿಸುವುದು, ಕನ್ನಡದ ತರಗತಿಗೆ ಅದರಿಂದ ದೊರೆಯುವ ಬೆಳಕನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಶಾಖಪಟ್ಟಣದಲ್ಲಿ 1860ರಲ್ಲಿ ಶಾಲೆಯಾಗಿ ಆರಂಭಗೊಂಡು ಮುಂದೆ ಕಾಲೇಜಾಗಿ ಬೆಳೆದ ಸಂಸ್ಥೆಯೊಂದಿದೆ. ದಾನಿಗಳಾದ ಅಂಕಿತಂ ವೆಂಕಟ ನರಸಿಂಗರಾವ್ ಕುಟುಂಬದ ನೆನಪಿಗೆ ಅದಕ್ಕೆ ಮಿಸೆಸ್ ಎ.ವಿ.ಎನ್. ಕಾಲೇಜು ಎಂಬ ಹೆಸರು ಬಂದಿತು. (ನಮ್ಮ ಬೆಂಗಳೂರಿನಲ್ಲಿ ಬಾಳಿ ಬದುಕಿದ ಸರ್ ಸಿ.ವಿ. ರಾಮನ್ ಅವರ ತಂದೆ ಚಂದ್ರಶೇಖರ ಅಯ್ಯರ್ ಇಲ್ಲಿ ಉಪನ್ಯಾಸಕರಾಗಿದ್ದರು. ಬಾಲಕ ರಾಮನ್ ಓದಿ ಬೆಳೆದದ್ದು ಈ ಊರಿನಲ್ಲಿಯೇ.) ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ಕಾಲೇಜಿನ ಪ್ರಾಂಶುಪಾಲರಾಗಿದ್ದವರು ಪಿ.ಟಿ. ಶ್ರೀನಿವಾಸ ಅಯ್ಯಂಗಾರ್ಯರು. ಇವರು ಮುಂದೆ ತಮಿಳರ ಇತಿಹಾಸವನ್ನು ಬರೆದು ಪ್ರಖ್ಯಾತರಾದ ವಿದ್ವಾಂಸರು. ತೆಲುಗು ಅವರ ಮನೆಮಾತಲ್ಲ. ತಮ್ಮದಲ್ಲದ ಭಾಷೆಯ ಹುಡುಗರ ಕಷ್ಟ ಅವರಿಗೆ ಕಾಣಿಸಿತು. ತೆಲುಗಿನಲ್ಲಿಯೇ ಹುಟ್ಟಿ ಬೆಳೆದ ಪಂಡಿತರಿಗೆ ಆ ಕಷ್ಟವು ಶಿಸ್ತಿನಂತೆ ತೋರುತ್ತಿತ್ತು. ಹೊರಗಿನವನ ಕಣ್ಣಿಗೆ ಒಂದು ವಿಶೇಷ ಪ್ರಯೋಜನವಿದೆಯೆಂದು ಇಲ್ಲಿ ಹೇಳಬೇಕಾಗುತ್ತದೆ.

ಆ ಕಷ್ಟದ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಮದರಾಸಿನಲ್ಲಿ ಪಂಡಿತರಾಗಿದ್ದ ಪರವಸ್ತು ಚಿನ್ನಯಸೂರಿಯವರು 1853ರಲ್ಲಿ ‘ನೀತಿಚಂದ್ರಿಕ’ವನ್ನೂ 1858ರಲ್ಲಿ ‘ಬಾಲವ್ಯಾಕರಣ’ವನ್ನೂ ಪ್ರಕಟಿಸಿದರು. ಇವೆರಡೂ ಶಾಲೆಗಳಲ್ಲಿ ನೆಲೆಯೂರಿದವು. ಸೂರಿಯವರ ಗದ್ಯ ಸುಂದರವಾದುದೇ. ಆದರೆ ಅದು ಪ್ರಾಚೀನ ಕಾವ್ಯಗಳ ವ್ಯಾಕರಣಕ್ಕೆ ಬದ್ಧವಾದ ಗದ್ಯ. ‘ಬರುತ್ತಿದ್ದಾನೆ’ ಎಂಬುದಕ್ಕೆ ಹುಡುಗನು ಮನೆಯಲ್ಲಿ ‘ವಸ್ತುನ್ನಾಡು’ ಎನ್ನುತ್ತಾನೆ. ಶಾಲೆಯಲ್ಲಿ ಅವನು ‘ವಚ್ಚುಚುನ್ನಾಡು’ ಎಂದು ಬರೆಯಬೇಕು. ‘ಮಾಡಿದನು’ ಎಂಬುದಕ್ಕೆ ‘ಚೇಶಾಡು’ ಎನ್ನುವವನು ‘ಚೇಸೆನು’ ಎಂದು ತಿದ್ದಿಕೊಳ್ಳಬೇಕು. ಸಂಧಿಯನ್ನು ಬಿಡುವಂತಿಲ್ಲ, ಅರಸುನ್ನೆಯನ್ನು ಮರೆಯುವಂತಿಲ್ಲ. ಬಾಯಲ್ಲಿರುವ ರೂಪಗಳೆಲ್ಲವೂ ‘ಗ್ರಾಮ್ಯ’. ಕನ್ನಡಿಗರಿಗೆ ಇದರ ತೂಕ ತಿಳಿಯಬೇಕಾದರೆ, ನಮ್ಮ ಎಂಟನೆಯ ತರಗತಿಯ ಬಾಲಕನು ‘ಬರುತ್ತಾನೆ’ ಎಂದು ಬರೆದರೆ ತಪ್ಪು, ಕೇಶಿರಾಜನ ಸೂತ್ರದಂತೆ ‘ಬಂದಪಂ’ ಎಂದು ಬರೆದರೆ ಮಾತ್ರ ಅಂಕ ಎಂಬ ನಿಯಮವನ್ನು ಊಹಿಸಿಕೊಳ್ಳಬಹುದು. ಹಳಗನ್ನಡವನ್ನು ಓದುವುದು ಬೇರೆ, ಹಳಗನ್ನಡದಲ್ಲಿ ಆಕಳಿನ ಮೇಲೆ ಪ್ರಬಂಧ ಬರೆಯುವುದು ಬೇರೆ.

ಇಂಥ ವ್ಯವಸ್ಥೆಯಲ್ಲಿ ಹುಡುಗನು ಕಲಿಯುವುದೇನು? ತನಗೆ ಹೇಳಲು ಏನೋ ಇದ್ದರೂ ಅದನ್ನು ಹೇಳುವ ಮೊದಲು ಪ್ರತಿಯೊಂದು ಕ್ರಿಯಾಪದವನ್ನೂ ಮನಸ್ಸಿನಲ್ಲಿ ಭಾಷಾಂತರಿಸಿಕೊಳ್ಳಬೇಕು. ಜಾಣರಾದವರು ಕಂಠಪಾಠಕ್ಕೆ ಶರಣಾಗುತ್ತಾರೆ, ಉಳಿದವರು ಮೌನಿಗಳಾಗುತ್ತಾರೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿದವರೆಲ್ಲರಿಗೂ ಈ ಮೌನದ ಪರಿಚಯವುಂಟು. ಅದನ್ನು ದಡ್ಡತನವೆಂದು ತಿಳಿಯುವುದು ಉಪಾಧ್ಯಾಯರಿಗೆ ಸುಲಭದ ದಾರಿ.

1906–07ರ ಸುಮಾರಿಗೆ ಉತ್ತರದ ತೆಲುಗು ಜಿಲ್ಲೆಗಳಿಗೆ ಶಾಲಾ ಇನ್‌ಸ್ಪೆಕ್ಟರಾಗಿ ಬಂದ ಜೆ.ಎ. ಯೇಟ್ಸ್ ಎಂಬ ಆಂಗ್ಲ ಅಧಿಕಾರಿಯ ಗಮನಕ್ಕೆ ಬಂದದ್ದು ಈ ಸಂಗತಿಯೇ. ಬರೆಹದ ತೆಲುಗಿಗೂ ಆಡುವ ತೆಲುಗಿಗೂ ಇಷ್ಟು ಅಂತರವೇಕೆ ಎಂದು ಅವನು ಕೇಳಿದ. ಶ್ರೀನಿವಾಸ ಅಯ್ಯಂಗಾರ್ಯರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆಗ ವಿಶಾಖಪಟ್ಟಣ ಜಿಲ್ಲೆಗೇ ಸೇರಿದ್ದ ವಿಜಯನಗರದ ಸಂಸ್ಥಾನದಲ್ಲಿ ಗುರಜಾಡರಿದ್ದರು; 1892ರಲ್ಲಿ ರಂಗಕ್ಕೆ ಬಂದು 1897ರಲ್ಲಿ ಅಚ್ಚಾದ ಅವರ ‘ಕನ್ಯಾಶುಲ್ಕಂ’ ನಾಟಕವು ಆಡುಮಾತಿನ ಶಕ್ತಿಯನ್ನು ಆ ವೇಳೆಗಾಗಲೇ ತೋರಿಸಿಕೊಟ್ಟಿತ್ತು. ಪರ್ಲಾಕಿಮಿಡಿಯ ರಾಜರ ಶಾಲೆಯಲ್ಲಿ ಗಿಡುಗು ರಾಮಮೂರ್ತಿ ಉಪಾಧ್ಯಾಯರಾಗಿದ್ದರು. ಗಿಡುಗು ಅವರು ಸುತ್ತಣ ಬೆಟ್ಟಗಳ ಸವರ ಜನರ ಭಾಷೆಯನ್ನು ಕಲಿತು, ಆ ಮಕ್ಕಳಿಗೆ ಅವರ ಭಾಷೆಯಲ್ಲಿಯೇ ಪಾಠ ಹೇಳುವ ಪ್ರಯತ್ನ ಮಾಡಿದವರು. ಅವರು ರಚಿಸಿದ ಸವರ ಭಾಷೆಯ ವ್ಯಾಕರಣ 1931ರಲ್ಲಿ ಪ್ರಕಟವಾಯಿತು. ಲಿಪಿಯಿಲ್ಲದ, ಗ್ರಂಥವಿಲ್ಲದ ಭಾಷೆಗೂ ಚೊಕ್ಕವಾದ ವ್ಯಾಕರಣವಿರುತ್ತದೆಂಬುದನ್ನು ಕಂಡುಕೊಂಡವನಿಗೆ, ಲಕ್ಷಾಂತರ ಜನರು ಆಡುವ ತೆಲುಗು ಅಶುದ್ಧವೆಂಬ ಮಾತು ರುಚಿಸದೇ ಹೋದುದು ಸಹಜವೇ ಆಗಿದೆ. ನನ್ನ ದೃಷ್ಟಿಯಲ್ಲಿ ಇಡೀ ಚಳವಳಿಯ ತಾತ್ತ್ವಿಕ ಬೇರು ಇರುವುದು ಈ ಸವರ ಮಕ್ಕಳ ಪಾಠದಲ್ಲಿ.

ಅಯ್ಯಂಗಾರ್ಯರು 1909ರಲ್ಲಿ ದೇಶಭಾಷೆಗಳ ಪರವಾಗಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದರು. ಅದರ ಹೆಸರೇ ‘ಸಾವೋ ಬದುಕೋ’ ಎಂಬರ್ಥದ್ದು. ಗಿಡುಗು ಅವರ ಆಧುನಿಕ ತೆಲುಗನ್ನು ಕುರಿತ ವಿಜ್ಞಾಪನೆ 1913ರಲ್ಲಿ ಹೊರಬಂದಿತು. ಸ್ಕೂಲ್ ಫೈನಲ್ ಪರೀಕ್ಷೆಯಲ್ಲಿ ಹುಡುಗರು ತಮಗೊಪ್ಪುವ ಶೈಲಿಯಲ್ಲಿ ಪ್ರಬಂಧ ಬರೆಯಬಹುದೆಂಬ ಅನುಮತಿಯೂ ಈ ಅವಧಿಯಲ್ಲಿ ದೊರೆಯಿತು. ಆದರೆ ವಿರೋಧ ಬಲವಾಗಿತ್ತು. ಜಯಂತಿ ರಾಮಯ್ಯ ಪಂತುಲು ಅವರ ನೇತೃತ್ವದಲ್ಲಿ 1911ರಲ್ಲಿ ಸ್ಥಾಪನೆಯಾದ ಆಂಧ್ರ ಸಾಹಿತ್ಯ ಪರಿಷತ್ತು ಪ್ರಾಚೀನ ಶೈಲಿಯ ಪಕ್ಷದ ಕೇಂದ್ರವಾಯಿತು. ಮದರಾಸು ವಿಶ್ವವಿದ್ಯಾನಿಲಯದ ಉಪಸಮಿತಿಯ ಬಹುಮತವೂ ಆ ಕಡೆಗೇ ವಾಲಿತು. 1914ರಲ್ಲಿ ಗುರಜಾಡರು ಸಮಿತಿಯ ವರದಿಗೆ ದೀರ್ಘವಾದ ಭಿನ್ನಮತ ಪತ್ರವನ್ನು ಸಲ್ಲಿಸಿದರು, ಮರುವರ್ಷವೇ ತೀರಿಕೊಂಡರು. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಂಡಿತು. ಕಚೇರಿಯ ಮಟ್ಟದಲ್ಲಿ ಶಾಲೆಯವರು ಸೋತರು.

ವಿರೋಧಿಗಳನ್ನು ಕೇವಲ ಸಂಪ್ರದಾಯಜಡರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರ ವಾದದಲ್ಲಿ ಒಂದು ಗಟ್ಟಿಯಾದ ಅಂಶವಿತ್ತು. ಆಡುಮಾತನ್ನು ಬರೆಯಿರಿ ಎಂದರೆ ಯಾರ ಆಡುಮಾತು? ವಿಶಾಖಪಟ್ಟಣದ್ದೇ, ಬೆಜವಾಡದ್ದೇ, ಕಡಪದ್ದೇ, ನಿಜಾಮರ ಸೀಮೆಯದೇ? ಪ್ರಾಚೀನ ಶೈಲಿ ಯಾರ ಮನೆಯ ಮಾತೂ ಅಲ್ಲವಾದ್ದರಿಂದ ಅದರ ಮುಂದೆ ಎಲ್ಲ ಹುಡುಗರೂ ಸಮಾನರು. ಗಿಡುಗು ಅವರ ಉತ್ತರ, ಶಿಷ್ಟರ ವ್ಯವಹಾರದಲ್ಲಿರುವ ಭಾಷೆಯೇ ಪ್ರಮಾಣ ಎಂಬುದು. ‘ಶಿಷ್ಟರು ಯಾರು’ ಎಂಬ ಪ್ರಶ್ನೆ ಅಲ್ಲಿಯೇ ಉಳಿಯಿತು. ಹಿರಿಯ ಸುಧಾರಕರೂ ಧವಳೇಶ್ವರದಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರೂ ಆದ ಕಂದುಕೂರಿ ವೀರೇಶಲಿಂಗಂ ಅವರು ಚಿನ್ನಯಸೂರಿಯ ಹಾದಿಯಲ್ಲಿಯೇ ಗದ್ಯ ಬರೆದವರಾದರೂ ತಮ್ಮ ಕೊನೆಯ ವರ್ಷವಾದ 1919ರಲ್ಲಿ ವ್ಯಾವಹಾರಿಕ ಪಕ್ಷದ ಸಮಾಜಕ್ಕೆ ಅಧ್ಯಕ್ಷರಾದರು.

ಇಲ್ಲಿ ಕನ್ನಡದ ಕಡೆಗೆ ತಿರುಗಬಹುದು. ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಮದರಾಸು ಆಧಿಪತ್ಯದಲ್ಲಿಯೇ ಇದ್ದು, ವಿಶಾಖಪಟ್ಟಣದ ಶಾಲೆಗಳನ್ನು ಆಳಿದ ವಿದ್ಯಾ ಇಲಾಖೆಯೇ ಮಂಗಳೂರಿನ ಶಾಲೆಗಳನ್ನೂ ಆಳುತ್ತಿತ್ತು. ಆದರೂ ಅಂಥ ಯುದ್ಧ ಇಲ್ಲಿ ನಡೆಯಲಿಲ್ಲ. ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಮುದ್ದಣನು ಆ ಕಾಲದಲ್ಲಿಯೇ ‘ಶ್ರೀರಾಮಾಶ್ವಮೇಧ’ವನ್ನು ಹಳಗನ್ನಡ ಗದ್ಯದಲ್ಲಿ ಬರೆದನೆಂಬುದು ನಿಜ, ಆದರೆ ಅದು ಒಬ್ಬ ಕವಿಯ ಲೀಲೆ, ಹುಡುಗರ ಮೇಲೆ ಹೇರಿದ ನಿಯಮವಲ್ಲ. ಕನ್ನಡದಲ್ಲಿ ನಡುಗನ್ನಡದ ಷಟ್ಪದಿಗಳೂ ವಚನ ಕೀರ್ತನೆಗಳೂ ಹಳೆಯ ವ್ಯಾಕರಣದ ಬಿಗಿಯನ್ನು ಮೊದಲೇ ಸಡಿಲಿಸಿದ್ದವು. 1843ರಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ ಪತ್ರಿಕೆಯೂ, ಬಾಸೆಲ್ ಮಿಶನ್ನಿನ ಪುಸ್ತಕಗಳೂ, ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರ ಶ್ರಮವೂ ಶಾಲೆಯ ಗದ್ಯವನ್ನು ತಿಳಿಗನ್ನಡದತ್ತ ಒಯ್ದವು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡವೆಂಬ ವಾತಾವರಣದಲ್ಲಿ ಬೆಳೆದ ಅವರು ವಾದಕ್ಕಿಳಿಯಲಿಲ್ಲ. ಮಕ್ಕಳ ನಾಲಗೆಗೆ ಹತ್ತುವ ಪದ್ಯಗಳನ್ನೂ ಕಥೆಗಳನ್ನೂ ಬರೆದರು. ವಿಶಾಖಪಟ್ಟಣದಲ್ಲಿ ವಿಜ್ಞಾಪನೆಗಳು ಮಾಡಲಾಗದ ಕೆಲಸವನ್ನು ಇಲ್ಲಿ ಪಠ್ಯಪುಸ್ತಕವೇ ಸದ್ದಿಲ್ಲದೆ ಮಾಡಿತು.

ತೆಲುಗಿನ ಕಥೆಯ ಎರಡನೆಯ ಅಂಕವು ವಿಜಯವಾಡದಲ್ಲಿ ನಡೆಯುತ್ತದೆ. 1926ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ಬೆಜವಾಡವೆಂದು ಆಗ ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಸ್ಥಳಾಂತರಗೊಂಡಿತು. ಅದರ ಮೊದಲ ಇಬ್ಬರು ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿ ಮತ್ತು ಸರ್ವೇಪಲ್ಲಿ ರಾಧಾಕೃಷ್ಣನ್ ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಆದರೆ ವಿಶ್ವವಿದ್ಯಾನಿಲಯವು ವಾಲ್ತೇರಿಗೆ ಹೋದರೂ ಭಾಷೆಯ ತೀರ್ಮಾನ ಆದದ್ದು ವಿಜಯವಾಡದಲ್ಲಿಯೇ. 1948ರ ಡಿಸೆಂಬರ್ 1ರಂದು ಅಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. 1952ರಲ್ಲಿ ‘ವಿಶಾಲಾಂಧ್ರ’ ದಿನಪತ್ರಿಕೆ ಅಲ್ಲಿಂದ ಹೊರಟಿತು. ಪ್ರಕಾಶಕರೂ ಮುದ್ರಣಾಲಯಗಳೂ ಚಲನಚಿತ್ರದ ಹಂಚಿಕೆದಾರರೂ ಆ ಊರಿನಲ್ಲಿ ನೆಲೆಸಿದರು. ದಿನವೂ ಲಕ್ಷಾಂತರ ಜನರು ಓದುವ, ಕೇಳುವ ತೆಲುಗು ಸಹಜವಾಗಿಯೇ ಕೃಷ್ಣಾ ಗೋದಾವರಿ ಜಿಲ್ಲೆಗಳ ವಿದ್ಯಾವಂತರ ಮಾತಿಗೆ ಹತ್ತಿರವಾಯಿತು. ಪತ್ರಿಕೆ ಒಪ್ಪಿದ್ದನ್ನು ಶಾಲೆಯೂ ಒಪ್ಪಬೇಕಾಯಿತು. 1968ರಲ್ಲಿ ತೆಲುಗು ಅಕಾಡೆಮಿ ಸ್ಥಾಪನೆಯಾಗುವ ಹೊತ್ತಿಗೆ ‘ವಚ್ಚುಚುನ್ನಾಡು’ ಹಿಂದೆ ಸರಿದಿತ್ತು. ಅಯ್ಯಂಗಾರ್ಯರ ಪಕ್ಷ ಐವತ್ತು ವರ್ಷಗಳ ತರುವಾಯ ಗೆದ್ದಿತು.

ಆದರೆ ಗೆಲುವಿನ ಸ್ವರೂಪವನ್ನು ನೋಡಬೇಕು. ಹಳೆಯ ಪಂಡಿತರು ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತ್ತು: ಬೆಜವಾಡದ ಮಾತು. ಚಳವಳಿ ಹುಟ್ಟಿದ ವಿಶಾಖಪಟ್ಟಣ, ಶ್ರೀಕಾಕುಳಗಳ ಉತ್ತರಾಂಧ್ರದ ಮಾತು ಪುನಃ ‘ಯಾಸ’ ಎನಿಸಿಕೊಂಡು ಹಾಸ್ಯಪಾತ್ರಗಳ ಪಾಲಾಯಿತು. ತೆಲಂಗಾಣದ ಮಾತಿಗೂ ಅದೇ ಗತಿ ಬಂದಿತು. 2014ರಲ್ಲಿ ಪ್ರತ್ಯೇಕ ರಾಜ್ಯವಾದ ಆ ಪ್ರದೇಶದ ಜನರ ಮನಸ್ಸಿನಲ್ಲಿದ್ದ ನೋವುಗಳಲ್ಲಿ ಭಾಷೆಯ ಅವಮಾನವೂ ಒಂದು. ಮೊದಲು ಎಲ್ಲ ಹುಡುಗರೂ ಸಮಾನವಾಗಿ ಕಷ್ಟಪಡುತ್ತಿದ್ದರು. ಈಗ ಕೆಲವರ ಮನೆಮಾತೇ ಪಾಠದ ಭಾಷೆಯಾಯಿತು, ಉಳಿದವರು ಮಾತ್ರ ಭಾಷಾಂತರ ಮಾಡಿಕೊಳ್ಳುತ್ತ ಕುಳಿತರು.

ವಿಶಾಖಪಟ್ಟಣವು ಇದಕ್ಕೆ ಸಾಹಿತ್ಯದ ಮೂಲಕವೇ ಉತ್ತರಿಸಿತು. ಅಲ್ಲಿನ ವಕೀಲರಾದ ರಾಚಕೊಂಡ ವಿಶ್ವನಾಥಶಾಸ್ತ್ರಿಗಳು ನ್ಯಾಯಾಲಯದ ಅಂಗಳದ ಬಡವರ ಮಾತನ್ನು ಕಥೆಗಳಿಗೆ ತಂದರು. ಅವರಿಗಿಂತ ನಮ್ಮ ವಿಷಯಕ್ಕೆ ಸಮೀಪವಾದವರು ಕಾಳೀಪಟ್ಣಂ ರಾಮಾರಾವ್. ಇವರು ವಿಶಾಖಪಟ್ಟಣದ ಸಂತ ಅಂತೋನಿಯವರ ಪ್ರೌಢಶಾಲೆಯಲ್ಲಿ 1948ರಿಂದ ಮೂರು ದಶಕಗಳ ಕಾಲ ಗಣಿತದ ಉಪಾಧ್ಯಾಯರಾಗಿದ್ದರು. ‘ಕಾರಾ ಮಾಸ್ಟರು’ ಎಂದೇ ಜನ ಅವರನ್ನು ಕರೆದರು. 1964ರ ಅವರ ‘ಯಜ್ಞಂ’ ಕಥೆಯಲ್ಲಿ ಶ್ರೀಕಾಕುಳದ ಹಳ್ಳಿಯ ಸಾಲದ ವ್ಯಾಜ್ಯ ಆ ಹಳ್ಳಿಯ ಮಾತಿನ ಬನಿಯಲ್ಲಿಯೇ ನಡೆಯುತ್ತದೆ. 1995ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದಿತು. 1997ರಲ್ಲಿ ಅವರು ಶ್ರೀಕಾಕುಳದಲ್ಲಿ ತೆಲುಗು ಕಥೆಗಳ ಸಂಗ್ರಹಾಲಯವಾದ ‘ಕಥಾನಿಲಯ’ವನ್ನು ಸ್ಥಾಪಿಸಿದರು. 2021ರಲ್ಲಿ ತೀರಿಕೊಂಡ ಅವರನ್ನು ಶಾಲೆಯ ಪರಂಪರೆಗೆ ಸೇರಿದ ಭಾಷಾಚಿಂತಕರ ಸಾಲಿನಲ್ಲಿಯೇ ಎಣಿಸಬೇಕು.

ಇಂದು ಪ್ರಶ್ನೆ ಮತ್ತೊಂದು ರೂಪ ತಳೆದಿದೆ. 2019ರ ನವೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರವು ತನ್ನ ಪ್ರಾಥಮಿಕ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಡಿಸಿತು. 2020ರ ಏಪ್ರಿಲಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕರ್ನಾಟಕದ ಮಾಧ್ಯಮ ನೀತಿಯ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನೀಡಿದ ತೀರ್ಪು ನಮಗೆ ತಿಳಿದೇ ಇದೆ. ಯಾವ ತೆಲುಗು, ಯಾವ ಕನ್ನಡ ಎಂಬ ಚರ್ಚೆ ತೆಲುಗು ಬೇಕೇ, ಕನ್ನಡ ಬೇಕೇ ಎಂಬಲ್ಲಿಗೆ ಬಂದು ನಿಂತಿದೆ. ಇವೆರಡು ಪ್ರಶ್ನೆಗಳ ನಡುವೆ ಸಂಬಂಧವಿಲ್ಲವೆಂದು ನಾನು ತಿಳಿಯುವುದಿಲ್ಲ. ತನ್ನ ಮಾತು ಶಾಲೆಯಲ್ಲಿ ತಪ್ಪೆಂದು ಕೇಳುತ್ತಲೇ ಬೆಳೆದವನು ತಂದೆಯಾದಾಗ, ಹೇಗೂ ಪರಭಾಷೆಯನ್ನೇ ಕಲಿಯಬೇಕಾದರೆ ಲಾಭವಿರುವ ಪರಭಾಷೆಯನ್ನೇ ಮಗ ಕಲಿಯಲಿ ಎಂದು ಲೆಕ್ಕ ಹಾಕಿದರೆ ಅವನನ್ನು ದೂಷಿಸುವುದು ಹೇಗೆ?

ಕನ್ನಡದಲ್ಲಿ ಯುದ್ಧ ನಡೆಯಲಿಲ್ಲವೆಂದ ಮಾತ್ರಕ್ಕೆ ಸಮಸ್ಯೆ ಇರಲಿಲ್ಲವೆಂದಲ್ಲ. ‘ಬರುತ್ತಾನೆ’ ಎಂಬ ರೂಪವು ಮೈಸೂರಿನ ಹುಡುಗನ ಬಾಯಿಗೆ ಹತ್ತಿರ; ‘ಬರಾಕತ್ತಾನ’ ಎನ್ನುವ ಧಾರವಾಡದ ಹುಡುಗನಿಗೆ ಸ್ವಲ್ಪ ದೂರ; ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ, ಅಥವಾ ಕಾಸರಗೋಡಿನಲ್ಲಿ ಮಲಯಾಳದ ನಡುವೆ ಕನ್ನಡ ಓದುವ ಹುಡುಗನಿಗೆ ಇನ್ನೂ ದೂರ. ದೇವನೂರ ಮಹಾದೇವರ ‘ಕುಸುಮಬಾಲೆ’ಯ ಕನ್ನಡವನ್ನು ಸ್ನಾತಕೋತ್ತರ ತರಗತಿಯಲ್ಲಿ ಮೆಚ್ಚಿ ವಿವರಿಸುವ ನಾವೇ, ಮೌಲ್ಯಮಾಪನದ ಮೇಜಿಗೆ ಕುಳಿತಾಗ ಅದೇ ಸೀಮೆಯ ಹುಡುಗನ ಉತ್ತರಪತ್ರಿಕೆಯಲ್ಲಿ ಅಂಥದೇ ರೂಪ ಕಂಡರೆ ಕೆಂಪು ಗೆರೆ ಎಳೆಯುತ್ತೇವೆ. ಕ್ರಿಯಾಪದದ ರೂಪಕ್ಕೆ ಎಷ್ಟು ಅಂಕ, ಹುಡುಗನು ಹೇಳಿದ ಸಂಗತಿಗೆ ಎಷ್ಟು ಅಂಕ ಎಂಬುದನ್ನು ಮೌಲ್ಯಮಾಪಕರ ಸೂಚನೆಗಳಲ್ಲಿ ಬಿಡಿಸಿ ಬರೆಯುವ ಕೆಲಸವನ್ನು ಕನ್ನಡ ವಿಭಾಗಗಳು ಮತ್ತು ಪ್ರೌಢಶಾಲೆಯ ಉಪಾಧ್ಯಾಯರು ಒಟ್ಟಿಗೆ ಕುಳಿತು ಮಾಡಲು ಸಾಧ್ಯವಿದೆ. 1912ರ ಹೊತ್ತಿಗೆ ಮದರಾಸಿನ ಪರೀಕ್ಷಾ ಮಂಡಳಿ ಅಷ್ಟನ್ನು ಮಾಡಿ ನೋಡಿತ್ತು.